‘ಅಸಲು ಬಂದರೆ ಸಾಕು’ ಅನ್ನೋ ಮಾತಿನ ಹಿಂದೆ

ಷೇರು ಕುಸಿದಾಗ ಹೆಚ್ಚಿನವರು ಹೇಳೋದು ಒಂದೇ: “ಅಸಲು ಬಂದರೆ ಸಾಕು, ಮಾರಿಬಿಡ್ತೀನಿ.” 100ಕ್ಕೆ ಕೊಂಡ ಒಂದು ಷೇರು 70 ಆಗಿದೆ, ಇನ್ನೊಂದು 130 ಆಗಿದೆ. ತುರ್ತಾಗಿ ದುಡ್ಡು ಬೇಕು. ಕೈ ಹೋಗುವುದು 130ರ ಕಡೆಗೇ. 70ರದ್ದನ್ನು ಮಾರಿದರೆ ನಷ್ಟವನ್ನು ಒಪ್ಪಿಕೊಂಡಂತೆ, ಅಲ್ವಾ? ಆದರೆ ನಾವು ಎಷ್ಟಕ್ಕೆ ಕೊಂಡೆವು ಅನ್ನೋದು ಮಾರುಕಟ್ಟೆಗೆ ಗೊತ್ತೇ ಇಲ್ಲ.

ಈ ಸಂಕಟವನ್ನು ಅರ್ಥಶಾಸ್ತ್ರ ಬಹಳ ಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಜೂಜಿನಂಥ ಆಯ್ಕೆಗಳನ್ನು ತೂಗಲು 1738ರಲ್ಲಿ ಗಣಿತಜ್ಞ ಡೇನಿಯಲ್ ಬರ್ನೌಲಿ ಕೊಟ್ಟ ಸೂತ್ರದಲ್ಲಿ ಮುಖ್ಯವಾದದ್ದು ಕೊನೆಗೆ ಕೈಯಲ್ಲಿ ಒಟ್ಟು ಎಷ್ಟು ಉಳಿಯಿತು ಅನ್ನೋದು. ಆ ಮೊತ್ತಕ್ಕೆ ಏರಿ ಬಂದಿರೋ, ಇಳಿದು ಬಂದಿರೋ ಎಂದು ಅದು ಕೇಳುತ್ತಿರಲಿಲ್ಲ. ಏರುವಾಗಿನ ಸುಖಕ್ಕಿಂತ ಬೀಳುವಾಗಿನ ನೋವು ಜಾಸ್ತಿ ಎಂದು ಆಡಂ ಸ್ಮಿತ್ 1759ರಲ್ಲೇ ಬರೆದಿದ್ದರು. ಅದು ಸೂತ್ರದೊಳಗೆ ಬರಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ತಂದವರು ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ. 1979ರ ಅವರ ಪ್ರಬಂಧದಲ್ಲಿರುವ ಪ್ರಶ್ನೆಗಳು ತುಂಬಾ ಸರಳ. ಖಚಿತವಾಗಿ 3000 ಬೇಕೋ, ಅಥವಾ 4000 ಸಿಗುವ ಶೇ 80ರಷ್ಟು ಸಾಧ್ಯತೆ ಬೇಕೋ? ಶೇ 80 ಜನ ಖಚಿತವಾದದ್ದನ್ನೇ ಆರಿಸಿದರು. ಇದನ್ನೇ ತಿರುಗಿಸಿ ನೋಡಿ. ಖಚಿತವಾಗಿ 3000 ಕಳೆದುಕೊಳ್ಳುತ್ತೀರೋ, ಅಥವಾ 4000 ಹೋಗುವ ಶೇ 80ರಷ್ಟು ಅಪಾಯಕ್ಕೆ ಒಡ್ಡಿಕೊಳ್ಳುತ್ತೀರೋ? ಈಗ ಶೇ 92 ಜನ ಅಪಾಯದ ಕಡೆ ವಾಲಿದರು! 70ಕ್ಕೆ ಇಳಿದ ಷೇರನ್ನು ಅವುಚಿಕೊಂಡು ಕೂರುವ ಮನಸ್ಸು ಇದೇ. ನಷ್ಟದ ನೋವು ಅಷ್ಟೇ ಲಾಭದ ಖುಷಿಗಿಂತ ಸುಮಾರು 2.25 ಪಟ್ಟು ತೂಗುತ್ತದೆ ಎಂದು 1992ರಲ್ಲಿ ಅದೇ ಜೋಡಿ ಅಂದಾಜು ಮಾಡಿತು. ಸಣ್ಣ ಮೊತ್ತಗಳಲ್ಲಿ ಈ ನೋವು ಅಷ್ಟು ಕಾಣದು ಎಂಬ ತಕರಾರೂ ಆಮೇಲೆ ಬಂತು.

ಗೆದ್ದದ್ದನ್ನು ಬೇಗ ಮಾರಿ, ಸೋತದ್ದನ್ನು ಇಟ್ಟುಕೊಳ್ಳುವ ಹೂಡಿಕೆದಾರರ ಚಾಳಿಯನ್ನು 1985ರಲ್ಲಿ ಹಣಕಾಸು ತಜ್ಞರಾದ ಹರ್ಶ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ವಿವರಿಸಿದರು. ಗಟ್ಟಿ ಸಾಕ್ಷಿ ಸಿಕ್ಕಿದ್ದು 1998ರಲ್ಲಿ. ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳನ್ನು ಸಂಶೋಧಕ ಟೆರೆನ್ಸ್ ಓಡೀನ್ ಜಾಲಾಡಿದರು. ಲಾಭದಲ್ಲಿದ್ದ ಷೇರುಗಳಲ್ಲಿ ಶೇ 14.8ರಷ್ಟನ್ನು ಜನ ಮಾರಿದ್ದರು, ನಷ್ಟದವುಗಳಲ್ಲಿ ಶೇ 9.8 ಮಾತ್ರ. ಮಾರಿಹೋದ ಲಾಭದ ಷೇರುಗಳೇ ಮುಂದಿನ ವರ್ಷ, ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಚೆನ್ನಾಗಿ ಏರಿದವು. ಇದನ್ನು ದಡ್ಡತನ ಎಂದು ಬೈಯಲು ನನಗೆ ಮನಸ್ಸಿಲ್ಲ. ಅಲ್ಲಿದ್ದವರೂ ನಮ್ಮಂಥವರೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಓಡೀನ್ ಅವರ ಅದೇ ಲೆಕ್ಕದ ಡಿಸೆಂಬರ್ ತಿಂಗಳು. ಅಮೆರಿಕದಲ್ಲಿ ನಷ್ಟ ತೋರಿಸಿ ಆ ವರ್ಷದ ತೆರಿಗೆ ಉಳಿಸಲು ಕೊನೆಯ ತಿಂಗಳು ಅದು. ಆ ಒಂದು ತಿಂಗಳಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗಿತ್ತು. ವರ್ಷವಿಡೀ ಬಿಡದೆ ಹಿಡಿದಿದ್ದ ನಷ್ಟದ ಷೇರುಗಳನ್ನೇ ಜನ ಜಾಸ್ತಿ ಮಾರಿದ್ದರು.