ಚಿರೇಕಲ್ಲಿನ ಪುಟ್ಟ ಸ್ಟೇಷನ್: ಹಳತನ ತರುವ ಕೆಲಸ ಮಳೆಗೆ ಬಿಡಬೇಡಿ

ತೋಟದ ರೈಲಿಗೆಂದು, ಅಂದರೆ ತೋಟದಲ್ಲಿ ಓಡಿಸುವ ಮಾದರಿ ರೈಲಿಗೆಂದು, ಕಟ್ಟಿದ ಪುಟ್ಟ ಕಟ್ಟಡವನ್ನು ಹೊರಗಿಟ್ಟು, ಹಳತನವನ್ನು ಮಳೆಯೇ ಕೊಡಲಿ ಎಂದು ಬಿಡುವವರಿದ್ದಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಳತಾಗುವ ಬದಲು ಹಾಳಾಗಿರುತ್ತದೆ. ತೊಂದರೆ ಇರುವುದು ಅಳತೆಯಲ್ಲಿ. 1:22.5ರ (ನಿಜದ್ದಕ್ಕಿಂತ 22.5 ಪಟ್ಟು ಚಿಕ್ಕದಾದ) ಗೋಡೆಯ ಮೇಲೆ 5 ಮಿ.ಮೀ. ಪಾಚಿ ಬೆಳೆಯಿತೆಂದರೆ ನಿಜವಾದ ಗೋಡೆಯಲ್ಲಿ 11 ಸೆಂ.ಮೀ. ಹುಲ್ಲು ಎದ್ದಂತೆ. ಕೆಸರಿನ ಒಂದು ಹನಿ ಸಿಡಿದರೆ ತೆಂಗಿನಕಾಯಿ ಗಾತ್ರದ ಮುದ್ದೆ ಮೆತ್ತಿದಂತೆ ಕಾಣುತ್ತದೆ. ಆದ್ದರಿಂದ ಕಟ್ಟಡದ ಮೈ ಮಳೆಬಿಸಿಲಿಗೆ ಜಗ್ಗದ ವಸ್ತುವಿನದಾಗಿರಬೇಕು. ಹಳತನವನ್ನು ಪೂರ್ತಿ ಬ್ರಷ್ಷಿನಿಂದಲೇ ತರಬೇಕು.

ಗೋವಾದ ಕನ್ನಡಿಗರಿಗೆ ಮಾದರಿ ಕಣ್ಣೆದುರೇ ಇದೆ. ಮುರಗಾಂವ್‌ನಿಂದ ಕುಳೆಂ, ದೂಧಸಾಗರ ದಾಟಿ ಕ್ಯಾಸಲ್‌ರಾಕ್ ಹತ್ತಿ ಲೋಂಡಾ ಸೇರುವ ದಾರಿ 1990ರ ದಶಕದವರೆಗೆ ಮೀಟರ್‌ಗೇಜ್ ಆಗಿತ್ತು, ಅಂದರೆ ಎರಡು ಹಳಿಗಳ ನಡುವೆ 1000 ಮಿ.ಮೀ. ತೋಟದ ರೈಲಿನಲ್ಲಿ ಈ ಅಂತರ ಸಾಮಾನ್ಯವಾಗಿ 45 ಮಿ.ಮೀ. 1000ವನ್ನು 45ರಿಂದ ಭಾಗಿಸಿದರೆ 22.2. ಹಾಗಾಗಿ 1:22.5 ಈ ಮಾರ್ಗಕ್ಕೆ ಹೇಳಿ ಮಾಡಿಸಿದ ಅಳತೆ. (ಮಹಾರಾಷ್ಟ್ರದ ಮಾಥೇರಾನಿನ ಪುಟ್ಟ ರೈಲು ಬೇಕೆನ್ನುವವರಿಗೆ ಲೆಕ್ಕ ಬೇರೆ: ಅಲ್ಲಿನ ಹಳಿ 610 ಮಿ.ಮೀ., ತೋಟದಲ್ಲಿ 32 ಮಿ.ಮೀ. ಹಳಿ ಹಾಕಿ 1:19ರಲ್ಲಿ ಕಟ್ಟಬೇಕು.) ಇಲ್ಲಿ ತೆಗೆದುಕೊಂಡಿರುವುದು 8 ಮೀಟರ್ ಉದ್ದ, 5 ಮೀಟರ್ ಅಗಲದ ಚಿರೇಕಲ್ಲಿನ (ಜಂಬಿಟ್ಟಿಗೆಯ) ಕಟ್ಟಡ, ಮೇಲೆ ಮಂಗಳೂರು ಹೆಂಚು. ಮಾದರಿಯಲ್ಲಿ ಅದು 356 × 222 ಮಿ.ಮೀ.

ಗೋಡೆಗೆ 5 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪಿವಿಸಿ ಹಾಳೆ) ಸಾಕು. ನಾಮಫಲಕ ಮಾಡುವವರ ಬಳಿ ಉಳಿದ ತುಂಡುಗಳೇ ಸಿಗುತ್ತವೆ. ಎರಡೂ ಕಡೆ ಕಾಗದ ಅಂಟಿಸಿದ ಹಗುರ ಹಾಳೆಯನ್ನೂ ಕೆಲವೆಡೆ ಇದೇ ಹೆಸರಲ್ಲಿ ಕೊಡುತ್ತಾರೆ. ಅದು ಮೊದಲ ಮಳೆಗೇ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಪಿವಿಸಿ ಇರುವುದನ್ನೇ ಕೇಳಿ. 80 ನಂಬರಿನ ಉಜ್ಜುಕಾಗದದಿಂದ ಮೇಲಿನ ಹೊಳಪು ತೆಗೆದು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಕಲ್ಲಿನ ಗೆರೆ ಎಳೆಯಿರಿ. ಒಂದೊಂದು ಕಲ್ಲು 16 × 8 ಮಿ.ಮೀ., ಮೇಲಿನ ಸಾಲಿನ ಸಂದು ಕೆಳಗಿನ ಕಲ್ಲಿನ ನಡುವಿಗೆ ಬರಲಿ. ಚಿರೇಕಲ್ಲಿನ ಗುರುತು ಅದರ ತೂತು. ತಂತಿ ಬ್ರಷ್ಷನ್ನು ನೆಟ್ಟಗೆ ಹಿಡಿದು ಕುಟ್ಟಿ, ನಡುನಡುವೆ ಮೊಳೆಯ ತುದಿಯಿಂದ ಕೆಲವನ್ನು ಆಳ ಮಾಡಿ. ಎಲ್ಲ ಕಲ್ಲಿಗೂ ಒಂದೇ ಸಮ ಕುಟ್ಟಿದರೆ ಗೋಡೆ ರಸ್ಕಿನಂತೆ ಕಾಣುತ್ತದೆ. ನಾಲ್ಕರಲ್ಲಿ ಒಂದನ್ನು ಬಹುತೇಕ ನುಣ್ಣಗೆ ಬಿಡಿ.

ಮೂಲೆಗಳನ್ನು ಅರಾಲ್ಡೈಟ್ ಹಾಕಿ ಕೂಡಿಸಿ, ಒಳಗಡೆ 12 ಮಿ.ಮೀ. ಪಟ್ಟಿಯ ಆಸರೆ ಕೊಡಿ. ಫೆವಿಕ್ವಿಕ್ ಬಿಸಿಲಿನ ಹಿಗ್ಗುಕುಗ್ಗಿಗೆ ಪಟ್ಟನೆ ಬಿಡುತ್ತದೆ. ಬಿಳಿ ಫೆವಿಕಾಲ್ ನೀರಿಗೆ ಕರಗುತ್ತದೆ. ಕಿಟಕಿಯ ಸರಳಿಗೆ 0.7 ಮಿ.ಮೀ. ಹಿತ್ತಾಳೆ ತಂತಿ. ಬೈಂಡಿಂಗ್ ವೈರ್ ನಿಜವಾಗಿ ತುಕ್ಕು ಹಿಡಿದು ಗೋಡೆಯಿಡೀ ಹರಿಯುತ್ತದೆ, ಅದೂ ದೊಡ್ಡ ಅಳತೆಯಲ್ಲಿ.

ಮಾಡಿನ ತಳಕ್ಕೆ ಮಾತ್ರ ಸನ್‌ಬೋರ್ಡ್ ಬೇಡ. ಹೆಂಚಿನ ಗಾಢ ಬಣ್ಣ ಬಿಸಿಲು ಹೀರಿ ಕಾದಾಗ ಪಿವಿಸಿ ಮೆತ್ತಗಾಗಿ ನಡುವೆ ಕುಸಿಯುತ್ತದೆ. 3 ಮಿ.ಮೀ. ಎಸಿಪಿ ಹಾಳೆ (ಎರಡು ಅಲ್ಯುಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಹಾಳೆ) ಹಾಕಿ. ಹೆಂಚಿನ ಲೆಕ್ಕ ಹೀಗೆ: ಹೊದಿಸಿದ ಮೇಲೆ ಒಂದು ಹೆಂಚು ಕಾಣುವುದು ಮಾದರಿಯಲ್ಲಿ 9 × 14 ಮಿ.ಮೀ. ಸೂರಿನ ಚಾಚು ಸೇರಿ ಮಾಡಿನ ಉದ್ದಕ್ಕೆ 48 ಹೆಂಚು, ಒಂದು ಇಳಿಜಾರಿಗೆ 12 ಸಾಲು. ಎರಡೂ ಕಡೆ ಕೂಡಿದರೆ 1152. ಒಂದೊಂದೇ ಮಾಡಲು ಹೋದರೆ ಯಾರೂ ಮುಗಿಸುವುದಿಲ್ಲ. 12 ಹೆಂಚಿನ ಒಂದು ಪಟ್ಟಿಯನ್ನು ಚೆನ್ನಾಗಿ ಕೆತ್ತಿ, ಅದರಿಂದ ನಾಲ್ಕು ಪಟ್ಟಿಯ ಸಿಲಿಕೋನ್ ಅಚ್ಚು ತೆಗೆಯಿರಿ. ಒಂದು ಸಲ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಸುರಿದರೆ ಒಂದು ಸಾಲು, 24 ಸಲಕ್ಕೆ ಮಾಡು ಪೂರ್ತಿ. ರೆಸಿನ್‌ಗೇ ರೆಡ್ ಆಕ್ಸೈಡ್ ಪುಡಿ ಬೆರೆಸಿ. ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದುದು ಇದೇ, ಬಿಸಿಲಿಗೆ ಮಾಸುವುದಿಲ್ಲ. ತುದಿ ಚೂರು ಮುರಿದರೂ ಒಳಗೆ ಕೆಂಪೇ ಕಾಣುತ್ತದೆ.

ಇನ್ನು ಬಣ್ಣ. ಬ್ರಷ್ ಎತ್ತುವ ಮೊದಲು ಕಟ್ಟಡದ ಮೇಲೆ ನೀರು ಹೇಗೆ ಹರಿಯುತ್ತದೆಂದು ನೋಡಬೇಕು. ನೆತ್ತಿಯಿಂದ ಒಂದು ಲೋಟ ನೀರು ಸುರಿದು, ಅದು ಇಳಿದ ದಾರಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಕಪ್ಪು ಅಲ್ಲಿರಬೇಕು, ಬೇರೆಲ್ಲೂ ಬೇಡ. ಕೊಂಕಣದ ಮಳೆ ನೈಋತ್ಯದ ಗಾಳಿಯೊಡನೆ ಬರುವುದರಿಂದ ಪಶ್ಚಿಮ, ದಕ್ಷಿಣದ ಗೋಡೆಗಳು ಹೆಚ್ಚು ಕಪ್ಪಾಗುತ್ತವೆ. ಬಿಸಿಲು ಕಡಿಮೆ ಬೀಳುವ ಉತ್ತರದ ಬುಡ ಹಸಿರು. ಸೂರಿನ ಕೆಳಗಿನ 25 ಮಿ.ಮೀ. ಬಹುತೇಕ ಕಲ್ಲಿನ ಮೂಲ ಬಣ್ಣದಲ್ಲೇ ಉಳಿಯುತ್ತದೆ, ಏಕೆಂದರೆ ಅಲ್ಲಿಗೆ ಮಳೆ ಮುಟ್ಟುವುದಿಲ್ಲ. ನೆಲದಿಂದ 20 ಮಿ.ಮೀ.ವರೆಗೆ ಕೆಮ್ಮಣ್ಣಿನ ಸಿಡಿತ. ಗೋಡೆಗೆಲ್ಲ ಒಂದೇ ಸಮ ಕಂದು ಬಳಿದ ಮಾದರಿ ಕೊಳಕಾಗಿ ಕಾಣುತ್ತದೆಯೇ ಹೊರತು ಹಳತಾಗಿ ಅಲ್ಲ.

ಮೊದಲು ಪ್ರೈಮರ್, ಆಮೇಲೆ ಕಲ್ಲಿನ ಕಿತ್ತಳೆಗೆಂಪು. ಐದಾರು ಕಲ್ಲಿಗೊಮ್ಮೆ ತುಸು ಹಳದಿ ಅಥವಾ ನೇರಳೆ ಛಾಯೆ. ಒಣಗಿದ ಮೇಲೆ ಒಂದು ಪಾಲು ಕಪ್ಪು–ಕಂದು ಅಕ್ರಿಲಿಕ್‌ಗೆ ಹತ್ತು ಪಾಲು ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಸೋಪಿಲ್ಲದಿದ್ದರೆ ಬಣ್ಣ ಮಣಿಮಣಿಯಾಗಿ ನಿಂತು, ತೂತಿನೊಳಗೆ ಇಳಿಯುವುದಿಲ್ಲ. ಗೋಡೆ ನೆಟ್ಟಗೆ ನಿಂತಿರುವಾಗಲೇ ಮೇಲಿಂದ ಬಿಡಿ, ಮಲಗಿಸಿ ಹಚ್ಚಿದರೆ ಕೊಚ್ಚೆಯಂತೆ ನಿಲ್ಲುತ್ತದೆ. ಉಬ್ಬಿದ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ನಿಜವಾದ ಕಿಟಕಿಯ ಸರಳಿನ ತುಕ್ಕನ್ನು ಹತ್ತಿರದಿಂದ ನೋಡಿದರೆ, ಅದು ಸರಳಿನ ಬುಡದಲ್ಲಿ ದಟ್ಟವಾಗಿದ್ದು, ಕಿಟಕಿಕಟ್ಟೆಯ ಮೇಲೆ ಅಗಲವಾಗಿ ಹರಡಿ, ಕಟ್ಟೆಯ ಅಂಚಿನಿಂದ ಸಣ್ಣ ಗೆರೆಯಾಗಿ ಇಳಿದು, ಮಾಯವಾಗುತ್ತದೆ. ಮಾದರಿಯಲ್ಲಿ ಈ ಗೆರೆ 10–12 ಮಿ.ಮೀ. ಮೀರಬಾರದು. ಅಂಚಿನಲ್ಲಿ ಗಾಢ ಕಂದಿನ ಚುಕ್ಕಿ ಇಟ್ಟು, ಒಣಗುವ ಮುನ್ನ ತುಸುವೇ ತೇವದ ಚಪ್ಪಟೆ ಬ್ರಷ್ಷನ್ನು ಒಂದೇ ಸಲ ಕೆಳಕ್ಕೆ ಎಳೆಯಿರಿ. ಎರಡನೇ ಸಲ ಎಳೆದರೆ ಗೆರೆ ಹೋಗಿ ಕಲೆ ಉಳಿಯುತ್ತದೆ. ಎಲ್ಲ ಸರಳಿಗೂ ಹಾಕಬೇಡಿ, ಐದರಲ್ಲಿ ಎರಡಕ್ಕೆ ಸಾಕು.

ಕೊನೆಗೆ ಹೊರಾಂಗಣಕ್ಕೆಂದೇ ಬರುವ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಲೇಪ), ತೆಳ್ಳಗೆ ಎರಡು ಕೈ. ಹೊಳಪಿನ ವಾರ್ನಿಶ್ ಇಷ್ಟೂ ಶ್ರಮವನ್ನು ಆಟಿಕೆಯ ಮಟ್ಟಕ್ಕೆ ಇಳಿಸುತ್ತದೆ. ಸ್ಪ್ರೇ ಕೆಲಸ ಮೇ ಮಧ್ಯದೊಳಗೆ ಮುಗಿಯಲಿ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಹೊಡೆದರೆ ಮೈಮೇಲೆ ಹಾಲಿನಂಥ ಬಿಳಿ ಪೊರೆ ಕೂರುತ್ತದೆ. ಕೂತರೆ ಉಜ್ಜಬೇಡಿ, ಒಣ ದಿನ ನೋಡಿ ಮತ್ತೊಂದು ತೆಳು ಕೈ ಹೊಡೆದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಕಟ್ಟಡವನ್ನು ಮಣ್ಣಿನ ಮೇಲೆ ನೇರ ಇಡದೆ ಕಡಪ ಕಲ್ಲಿನ ಮೇಲೆ, ಸುತ್ತ ಒಂದಡಿ ಸಣ್ಣ ಜಲ್ಲಿ ಹರಡಿ ಕೂರಿಸಿ. ಕೆಸರು ಸಿಡಿಯುವುದು ಕಡಿಮೆಯಾಗುತ್ತದೆ. ತಳದಲ್ಲಿ 6 ಮಿ.ಮೀ.ನ ನಾಲ್ಕು ತೂತಿರಲಿ, ಅವಕ್ಕೆ ಸೊಳ್ಳೆಪರದೆಯ ಜಾಲರಿ. ಇಲ್ಲದಿದ್ದರೆ ಇರುವೆ ಒಳಗೆ ಮಣ್ಣು ತುಂಬುತ್ತದೆ. ದಸರೆ ಕಳೆದ ಮೇಲೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಸೋಪುನೀರಿನಿಂದ ಪಾಚಿ, ಬಸವನಹುಳದ ಜಾಡು ತೊಳೆದು, ಬುಡದ 20 ಮಿ.ಮೀ. ಕೆಮ್ಮಣ್ಣಿನ ಪಟ್ಟಿಗೆ ಮತ್ತೊಮ್ಮೆ ಬಣ್ಣ ಮುಟ್ಟಿಸಬೇಕು. ವರ್ಷಕ್ಕೊಮ್ಮೆ ಸವೆಯುವುದು ಆ ಪಟ್ಟಿಯೇ.