ಕಾರ್ಡಿಯಾಕ್ ರಿಸ್ಕ್ ಅಸೆಸ್‌ಮೆಂಟ್: ಜಿಮ್‌ಗೆ ಹೋಗುವವರಿಗೆ ಇದರ ಅರ್ಥ

ಹೃದ್ರೋಗ ಇದೆಯೋ ಇಲ್ಲವೋ ಎಂದು ಹೇಳುವುದು ತಪಾಸಣೆಯ ಕೆಲಸ. ಮುಂದೆ ಬರುವ ಸಾಧ್ಯತೆ ಎಷ್ಟು, ಈಗ ಭಾರ ಎತ್ತಿದರೆ ತೊಂದರೆಯಾದೀತೇ ಎಂದು ಲೆಕ್ಕ ಹಾಕುವುದು ರಿಸ್ಕ್ ಅಸೆಸ್‌ಮೆಂಟ್. ಕನ್ನಡದಲ್ಲಿ 'ಹೃದಯದ ಅಪಾಯದ ಅಂದಾಜು' ಎನ್ನಬಹುದು.

ಜಿಮ್‌ನಲ್ಲಿ ಈ ಅಂದಾಜು ತಪ್ಪುವುದು ಮೈಕಟ್ಟು ನೋಡಿ. ತೋಳಿನ ಸ್ನಾಯು ಕನ್ನಡಿಯಲ್ಲಿ ಕಾಣುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಂಡ ಕೊಬ್ಬು ಕಾಣುವುದಿಲ್ಲ.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2015ರಲ್ಲಿ ಪರಿಷ್ಕರಿಸಿದ ಕ್ರಮ ಮೂರು ವಿಷಯ ಕೇಳುತ್ತದೆ. ಕಳೆದ 3 ತಿಂಗಳು ವಾರಕ್ಕೆ 3 ದಿನವಾದರೂ 30 ನಿಮಿಷ ವ್ಯಾಯಾಮ ಮಾಡಿದ್ದೀರಾ? ಹೃದಯ, ಮೂತ್ರಪಿಂಡದ ಕಾಯಿಲೆ, ಮಧುಮೇಹ ಅಥವಾ ಅವುಗಳ ಲಕ್ಷಣ ಇದೆಯೇ? ಎಷ್ಟು ತೀವ್ರವಾಗಿ ಮಾಡಬೇಕೆಂದಿದ್ದೀರಿ? ಕಾಯಿಲೆ ಗೊತ್ತಿದ್ದೂ ಈವರೆಗೆ ವ್ಯಾಯಾಮ ಮಾಡದವರು ವೈದ್ಯರ ಒಪ್ಪಿಗೆ ಪಡೆದೇ ಶುರು ಮಾಡಬೇಕು. ಶ್ರಮ ಪಟ್ಟಾಗ ಎದೆ ಬಿಗಿದು, ನಿಂತರೆ ಸರಿಹೋಗುತ್ತಿದ್ದರೆ, ವ್ಯಾಯಾಮದ ನಡುವೆ ಪ್ರಜ್ಞೆ ತಪ್ಪಿದ್ದರೆ ಎಷ್ಟೇ ಹಳಬರಾಗಿರಲಿ, ಅಲ್ಲಿಗೇ ನಿಲ್ಲಿಸಬೇಕು.

ಆಮೇಲೆ ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಸಕ್ಕರೆ, ಧೂಮಪಾನ, ಮನೆತನದ ಇತಿಹಾಸ ನೋಡಬೇಕು. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ಅದು ಲೆಕ್ಕಕ್ಕೆ ಸೇರುತ್ತದೆ. ಬಿಪಿ ನೋಡುವಾಗ ತೋಳಿಗೆ ಕಟ್ಟುವ ಪಟ್ಟಿಯ ಅಳತೆ ಗಮನಿಸಿ: ತೋಳಿನ ಸುತ್ತಳತೆ 35 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿಯೇ ಬೇಕು. ಚಿಕ್ಕದು ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ವರ್ಕೌಟ್ ಮುಗಿಸಿ ಬಂದವರಿಗೆ ಅರ್ಧ ಗಂಟೆ ಬಿಡುವು ಕೊಟ್ಟು, 5 ನಿಮಿಷ ಸುಮ್ಮನೆ ಕೂರಿಸಿ ಅಳೆಯಬೇಕು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸ್ನಾಯುವನ್ನೂ ಕೊಬ್ಬನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸ್ನಾಯು ಬೆಳೆಸಿದವರಿಗೆ ಸೊಂಟದ ಅಳತೆಯೇ ಮೇಲು.

ಸ್ನಾಯು ಬೆಳೆಸಲು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಅದು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇಳಿಸುತ್ತದೆ, ಹೃದಯದ ಗೋಡೆಯನ್ನು ದಪ್ಪಗಾಗಿಸುತ್ತದೆ. ಇದು ಗೊತ್ತಿಲ್ಲದೆ ಮಾಡಿದ ಲೆಕ್ಕ ಅಪಾಯವನ್ನು ಕಡಿಮೆ ತೋರಿಸೀತು.

ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ನಾರ್ಮಲ್ ಬಂತು, ಇನ್ನು ಭಯವಿಲ್ಲ ಎನ್ನುವವರು ಬಹಳ. ರಕ್ತದ ಹರಿವಿಗೆ ತಡೆಯಾಗುವಷ್ಟು ನಾಳ ಕಿರಿದಾಗಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಟಿಎಂಟಿಯಲ್ಲಿ ಸಿಗುತ್ತದೆ. ಹರಿವನ್ನು ತಡೆಯದ ಸಣ್ಣ ಕೊಬ್ಬಿನ ಗಡ್ಡೆಯೂ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಆದ್ದರಿಂದ ವರದಿ ಏನೇ ಹೇಳಲಿ, ಎದೆಯ ಒತ್ತಡ ಎಡತೋಳಿಗೋ ದವಡೆಗೋ ಹರಿದು ತಣ್ಣನೆಯ ಬೆವರು ಬಂದರೆ ಬಾರ್ಬೆಲ್ ಕೆಳಗಿಟ್ಟು ತಕ್ಷಣ ಆಂಬುಲೆನ್ಸ್ ಕರೆಸಬೇಕು.