ಕೆಲಸ ನನ್ನದು, ಸಹಿ ಇನ್ನೊಬ್ಬರದು

ದೀಪಾವಳಿ ಮುಗಿದು, ಬೆಳಗಾವಿಯ ರವಿವಾರ ಪೇಟೆಯ ಅಂಗಡಿಗಳಲ್ಲಿ ಖಾತೆ ಪೂಜೆ ಆದ ಮೇಲೆ ನಮ್ಮ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಫೀಸಿಗೆ ಸ್ವಲ್ಪ ಉಸಿರು ಬರುತ್ತದೆ. ಅಂಥ ಒಂದು ಸಂಜೆ ಅನಗೋಳದಿಂದ ಒಬ್ಬ ಹೆಣ್ಣುಮಗಳು ಬಂದಳು. ವಯಸ್ಸು 28. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 6 ವರ್ಷದಿಂದ ಅಕೌಂಟ್ಸ್ ನೋಡುತ್ತಾಳೆ. ಬಿಕಾಂನಲ್ಲಿ 61 ಪರ್ಸೆಂಟ್. ಮನೆಯಲ್ಲಿ ಗಂಡ, ಅತ್ತೆ, 3 ವರ್ಷದ ಮಗ.

"ಮೇಡಂ, ಬ್ಯಾಲೆನ್ಸ್ ಶೀಟ್ ತನಕ ಎಲ್ಲಾ ನಾನೇ ಮಾಡ್ತೀನ್ರೀ. ಕಡೀಕ ಸಹಿ ಮಾತ್ರ ಇನ್ನೊಬ್ಬರದು ಇರ್ತೈತಿ. ನಾನೂ ಸಿಎ ಮಾಡ್ಲೇನ್ರಿ?"

ಸಿಎ ಮಾಡಲೋ ಬೇಡವೋ ಅಂತ ಕೇಳಿಕೊಂಡು ಬರುವವರು ವರ್ಷಕ್ಕೆ ಹತ್ತಾರು ಜನ. ಹೆಚ್ಚಿನವರು ಮೊದಲು ಕೇಳೋದು ಸಂಬಳ ಎಷ್ಟು ಸಿಗುತ್ತದೆ ಅಂತ. ಈಕೆ ಕೇಳಿದ್ದು ಸಹಿಯ ಬಗ್ಗೆ. ನನಗೆ ಖುಷಿಯಾಯಿತು. ನಮ್ಮ ಲೈಸೆನ್ಸಿನ ತಿರುಳೇ ಅದು.

ಲೆಕ್ಕದ ಕೆಲಸದಲ್ಲಿ ಬಹುಪಾಲಿಗೆ ಲೈಸೆನ್ಸ್ ಬೇಕಾಗಿಲ್ಲ. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ, ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ, ಸಂಬಳದಿಂದ ಮುರಿಯುವ ತೆರಿಗೆ (ಟಿಡಿಎಸ್), ಆದಾಯ ತೆರಿಗೆ ರಿಟರ್ನ್, ಇವನ್ನೆಲ್ಲ ಕೆಲಸ ಗೊತ್ತಿರುವ ಬಿಕಾಂ ಪದವೀಧರರು ಮಾಡಬಹುದು. ಮಾಡುತ್ತಲೂ ಇದ್ದಾರೆ. ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಣಿ ಮಾಡಿಸಿಕೊಂಡು, ಅದರ ಪರೀಕ್ಷೆ ಪಾಸಾಗಿ, ಊರಲ್ಲೇ ಚೆನ್ನಾಗಿ ಆಫೀಸು ನಡೆಸುವವರನ್ನು ನಾನು ಬಲ್ಲೆ. ಲೈಸೆನ್ಸ್ ಬೇಕಾಗೋದು ಬೇರೆಯವರ ಲೆಕ್ಕ ನೋಡಿ "ಇದು ಸರಿ ಇದೆ" ಅಂತ ಸಹಿ ಹಾಕಲು. ಕಂಪನಿ ಆಡಿಟ್, ಆದಾಯ ತೆರಿಗೆಗಾಗಿ ಮಾಡುವ ಟ್ಯಾಕ್ಸ್ ಆಡಿಟ್, ಬ್ಯಾಂಕಿಗೆ ಕೊಡುವ ನೆಟ್‌ವರ್ತ್ ಸರ್ಟಿಫಿಕೇಟ್, ಇಂಥವು.

ಆಕೆಗೆ ಒಂದು ಆಡಿಟ್ ವರದಿಯ ಕೊನೆಯ ಪುಟ ತೋರಿಸಿದೆ. ಸಹಿಯ ಜೊತೆ ಯುಡಿಐಎನ್ ಅಂತ 18 ಅಂಕಿ-ಅಕ್ಷರಗಳ ಒಂದು ಗುರುತು. 2019ರಿಂದ ಇದು ಕಡ್ಡಾಯ. ಮೊದಲ 2 ಅಂಕಿ ವರ್ಷ, ನಂತರದ 6 ಅಂಕಿ ಸಹಿ ಹಾಕಿದವರ ಸದಸ್ಯತ್ವ ಸಂಖ್ಯೆ, ಉಳಿದ 10 ಕಂಪ್ಯೂಟರ್ ಕೊಡುವಂಥವು. ಈ ನಂಬರ್ ಹಾಕಿ ಬ್ಯಾಂಕಿನವರು ಕೂತಲ್ಲೇ ಪರೀಕ್ಷಿಸಬಹುದು. ನಾಳೆ ಲೆಕ್ಕ ತಪ್ಪು ಅಂತ ಬಂದರೆ ಮೊದಲು ಹುಡುಕೋದು ಆ 6 ಅಂಕಿಯವರನ್ನು. ಫೌಂಡ್ರಿಯವರು ಎಷ್ಟೇ ಪರಿಚಯದವರಾದರೂ, ಸ್ಟಾಕ್ ತಾಳೆ ಆಗದಿದ್ದರೆ "ಆಗೋದಿಲ್ಲ" ಅನ್ನಬೇಕು. ಆ ಮಾತು ಹೇಳುವ ಗಟ್ಟಿತನ ಬೇಕು. ಸಹಿ ಬೇಕು ಅನ್ನುವವರು ಈ ಹೊರೆಯೂ ಬೇಕು ಅಂತ ಒಪ್ಪಿರಬೇಕು, ಅಲ್ವಾ?

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಹಿಗೆ ಬೆಲೆ ಕೊಟ್ಟಿದ್ದು ಕಾನೂನು, ತೆಗೆಯೋದೂ ಅದೇ. ಜಿಎಸ್‌ಟಿಯ ವಾರ್ಷಿಕ ತಾಳೆಪಟ್ಟಿಗೆ, ಅಂದರೆ 9ಸಿಗೆ, ಮೊದಲು ಸಿಎ ಅಥವಾ ಸಿಎಂಎ (ಕಾಸ್ಟ್ ಅಕೌಂಟೆಂಟ್) ಸಹಿ ಬೇಕಿತ್ತು. 2020-21ರ ಲೆಕ್ಕದಿಂದ ವ್ಯಾಪಾರಸ್ಥರೇ ದೃಢೀಕರಿಸಿದರೆ ಸಾಕು ಅಂತಾಯಿತು. ವ್ಯಾಪಾರಕ್ಕೆ ಟ್ಯಾಕ್ಸ್ ಆಡಿಟ್ ಮಿತಿ ಸಾಮಾನ್ಯವಾಗಿ ವರ್ಷಕ್ಕೆ 1 ಕೋಟಿ ವಹಿವಾಟು. ನಗದು ವ್ಯವಹಾರ 5 ಪರ್ಸೆಂಟ್ ಒಳಗಿದ್ದರೆ ಈಗ 10 ಕೋಟಿವರೆಗೆ ಆಡಿಟ್ ಇಲ್ಲ. ಎಷ್ಟೋ ಸಣ್ಣ ಅಂಗಡಿಗಳು ಹೀಗೆ ನಮ್ಮ ಕೈಯಿಂದ ಹೋದವು. ಅವರಿಗೆ ಒಳ್ಳೆಯದೇ ಆಯಿತು. ಆದರೆ ಟ್ಯಾಕ್ಸ್ ಆಡಿಟ್ ಒಂದನ್ನೇ ನಂಬಿ ಈ ದಾರಿಗೆ ಬರಬೇಡಿ ಅಂತ ನಾನು ಈಗ ನೇರವಾಗಿ ಹೇಳುತ್ತೇನೆ.

ಎಲ್ಲರಿಗೂ ಬಾ ಅನ್ನೋದಿಲ್ಲ. ಹೋದ ವರ್ಷ ಯರಗಟ್ಟಿ ಕಡೆಯ ಒಬ್ಬ ಹುಡುಗ ಬಂದಿದ್ದ. ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಅವನು ಸಿಎ ಓದಿನ ಎರಡನೇ ಹಂತವಾದ ಇಂಟರ್‌ಗೆ ಹೆಸರು ಹಚ್ಚಿದ್ದ, ಬ್ಯಾಂಕ್ ಪರೀಕ್ಷೆಯ ಕೋಚಿಂಗ್‌ಗೂ ಹೋಗುತ್ತಿದ್ದ, ಪಿಡಿಒ ಪುಸ್ತಕಗಳನ್ನೂ ತಂದಿಟ್ಟಿದ್ದ. ಎರಡು ದೋಣಿಯ ಮೇಲೆ ಕಾಲಿಡಬಾರದು ಅಂತಾರೆ, ಇವನದು ಮೂರು. ಮುಂದೆ ಏನು ಮಾಡಬೇಕಂತಿ ಅಂತ ಕೇಳಿದರೆ, "ಅಂಗಡಿ ದೊಡ್ಡದು ಮಾಡಬೇಕ್ರೀ" ಅಂದ. ಕಣ್ಣಲ್ಲಿ ಬೆಳಕು ಬಂದಿದ್ದು ಆ ಮಾತಿಗೆ ಮಾತ್ರ. ಪ್ರಾಕ್ಟೀಸ್ ಮಾಡುವ ಸಿಎ, ಲೈಸೆನ್ಸ್ ಕೊಡುವ ನಮ್ಮ ಸಂಸ್ಥೆಯ ಅನುಮತಿ ಇಲ್ಲದೆ ಬೇರೆ ವ್ಯಾಪಾರ ನಡೆಸುವ ಹಾಗಿಲ್ಲ. ಅಪ್ಪನ ಅಂಗಡಿಯ ಆಡಿಟ್‌ಗೆ ಮಗ ಸಹಿ ಹಾಕೋದೂ ನಮ್ಮ ವೃತ್ತಿನೀತಿಗೆ ಒಪ್ಪದ ಮಾತು. ಅಂದರೆ ಇಷ್ಟು ವರ್ಷ ಓದಿ ಪಡೆದ ಸಹಿ ಅವನ ಅಂಗಡಿಗೆ ಉಪಯೋಗವೇ ಇಲ್ಲ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಇಂಟರ್ ಬಿಟ್ಟ. ಬಿಟ್ಟಿದ್ದು ಸರಿ ಅಂತ ಇವತ್ತಿಗೂ ನನ್ನ ಅಭಿಪ್ರಾಯ.

ಈಕೆಯ ಮಾತಿಗೆ ಬರುತ್ತೇನೆ. ಸಹಿ ಬೇಕು ಅನ್ನೋದು ಖಚಿತ ಇತ್ತು. ಇನ್ನು ಉಳಿದಿದ್ದು ಸಮಯ ಮತ್ತು ದುಡ್ಡು.

ಕಾಮರ್ಸ್ ಪದವಿಯಲ್ಲಿ 55 ಪರ್ಸೆಂಟ್ ಇದ್ದವರು ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಗೆ ಸೇರಬಹುದು. ಬೇರೆ ಪದವಿಗೆ 60 ಪರ್ಸೆಂಟ್ ಬೇಕು. ನೋಂದಣಿ ಆಗಿ 8 ತಿಂಗಳ ನಂತರ ಪರೀಕ್ಷೆ. 6 ಪತ್ರಿಕೆ, ಮೂರು ಮೂರರ ಎರಡು ಗುಂಪು. ಎರಡೂ ಪಾಸಾದ ಮೇಲೆ 2 ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ತರಬೇತಿ. ಅದು ಮುಗಿದು 6 ತಿಂಗಳ ಬಳಿಕ ಫೈನಲ್. ಎಲ್ಲವೂ ಮೊದಲ ಸಲಕ್ಕೇ ಆದರೂ ಮೂರೂವರೆ ವರ್ಷ ಹಿಡಿಯಿರಿ. ನನಗೆ ಫೈನಲ್ ಪಾಸಾಗಿದ್ದು ಮೂರನೇ ಸಲಕ್ಕೆ. ಆಗ ವರ್ಷಕ್ಕೆ ಎರಡೇ ಪರೀಕ್ಷೆ, ಒಮ್ಮೆ ತಪ್ಪಿದರೆ ಆರು ತಿಂಗಳು ಕಾಯಬೇಕಿತ್ತು. ಈಗ ವರ್ಷಕ್ಕೆ ಮೂರು ಸಲ ಬರೆಯಬಹುದು.

ಪಾಸಾಗುವ ಲೆಕ್ಕವನ್ನು ಮನೆಯವರಿಗೂ ತಿಳಿಸಿ ಹೇಳಬೇಕು. ಒಂದೊಂದು ಪತ್ರಿಕೆಗೆ 40 ಬಂದರೆ ಸಾಲದು, ಗುಂಪಿಗೆ 300ಕ್ಕೆ 150 ಬೇಕು. ಮೂರರಲ್ಲೂ 45 ಬಂದರೆ ಮೊತ್ತ 135, ಅಂದರೆ ಫೇಲ್. ಮನೆಯಲ್ಲಿ ಇದು ಗೊತ್ತಿಲ್ಲದಿದ್ದರೆ "ಪಾಸ್ ಮಾರ್ಕ್ಸ್ ಬಂದೈತಲ್ಲ, ಮತ್ತ ಯಾಕ ಫೇಲ್?" ಅನ್ನುವ ಪ್ರಶ್ನೆ ಎದ್ದು, ಓದುವವರ ಮನಸ್ಸು ಅಲ್ಲೇ ಕುಸಿಯುತ್ತದೆ. ಪರೀಕ್ಷೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರು ಹೆದರಬೇಕಿಲ್ಲ, ಆದರೆ ದಿನಾ ಒಂದು ಪುಟ ಇಂಗ್ಲಿಷ್‌ನಲ್ಲಿ ಉತ್ತರ ಬರೆಯುವ ರೂಢಿ ಮೊದಲ ದಿನದಿಂದಲೇ ಇರಲಿ. ವಿಷಯ ಚೆನ್ನಾಗಿ ಗೊತ್ತಿದ್ದೂ ಬರೆಯುವ ವೇಗ ಸಾಲದೆ ಹಿಂದೆ ಬಿದ್ದ ಮಕ್ಕಳನ್ನು ನೋಡಿ ನನಗೆ ಸಂಕಟವಾಗಿದೆ.

ಮನೆಗೆ ಹೋಗಿ ಒಂದು ವಾರ ನಿಮ್ಮ ಗಂಟೆಗಳನ್ನು ಬರೆದು ತನ್ನಿ ಅಂದೆ. ಇರಬೇಕಾದ ಗಂಟೆಗಳನ್ನಲ್ಲ, ಇರುವ ಗಂಟೆಗಳನ್ನು. ಆಕೆ ಮಗನ ಹಳೇ ಡ್ರಾಯಿಂಗ್ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತಂದಳು. ಬೆಳಗ್ಗೆ 5ರಿಂದ 6:30, ವಾರಕ್ಕೆ 5 ದಿನ. ಉಳಿದ ಎರಡು ದಿನದಲ್ಲಿ ಒಂದರ ಮುಂದೆ "ನೀರು ಬಿಡೋ ದಿನ, ಓದು ಇಲ್ಲ" ಅಂತಿತ್ತು. ಇನ್ನೊಂದು ರಜೆಯ ದಿನ, 5 ಗಂಟೆ, ಅತ್ತೆ ಮಗುವನ್ನು ನೋಡಿಕೊಂಡರೆ. ರಾತ್ರಿಯ ಸಾಲು ಖಾಲಿ. "ರಾತ್ರಿ ಕುಂತ್ರ ನಿದ್ದಿ ಬರ್ತೈತ್ರಿ, ಸುಮ್ನ ಸುಳ್ಳ ಯಾಕ ಬರೀಲಿ" ಅಂದಳು. ಇಷ್ಟು ಪ್ರಾಮಾಣಿಕ ಹಾಳೆ ನನ್ನ ಮೇಜಿಗೆ ಬಂದಿದ್ದು ಕಡಿಮೆ.

ಒಟ್ಟು ವಾರಕ್ಕೆ ಹನ್ನೆರಡೂವರೆ ಗಂಟೆ. 8 ತಿಂಗಳು ಅಂದರೆ ಸುಮಾರು 35 ವಾರ. 440 ಗಂಟೆಯನ್ನು 6 ಪತ್ರಿಕೆಗೆ ಹಂಚಿದರೆ ಒಂದಕ್ಕೆ 73. ಸಾಲೋದಿಲ್ಲ. ನನ್ನ ಅನುಭವದಲ್ಲಿ ಕೆಲಸ ಮಾಡುತ್ತಾ ಓದುವವರಿಗೆ ಪತ್ರಿಕೆಗೆ 150 ಗಂಟೆಯಾದರೂ ಬೇಕು. ಅದೇ 52 ವಾರ ತೆಗೆದುಕೊಂಡು ಒಂದೇ ಗುಂಪು ಓದಿದರೆ ಪತ್ರಿಕೆಗೆ 216 ಸಿಗುತ್ತದೆ. ಅದೇ ಹಾಳೆ, ಅವೇ ಗಂಟೆ. ದಾರಿ ಮಾತ್ರ ಉದ್ದ.

ಯಾವ ತಿಂಗಳು ಬರೆಯುತ್ತೀರಿ ಅನ್ನೋದೂ ಮುಖ್ಯ. ಇಂಟರ್ ಜನವರಿ, ಮೇ, ಸೆಪ್ಟೆಂಬರ್‌ನಲ್ಲಿ ಇರುತ್ತದೆ. ಸಕ್ಕರೆ ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಇರುವವರಿಗೆ ಜನವರಿ ಆಗದ ಮಾತು, ಕಬ್ಬಿನ ಹಂಗಾಮು ಜೋರಾಗಿರುತ್ತದೆ. ಅವರಿಗೆ ಮೇ ಒಳ್ಳೆಯದು. ಫೌಂಡ್ರಿಯಲ್ಲಿ ಸೆಪ್ಟೆಂಬರ್ ಅಂದರೆ ಆಡಿಟ್ ಗಡಿಬಿಡಿ. ಈಕೆಗೆ ಜನವರಿಯೇ ಸರಿ.

ಹಾಗೆ ನೋಡಿದರೆ ಸಕ್ಕರೆ ಕಂಪನಿಗಳಲ್ಲಿ ಇರುವವರು ಸಿಎಂಎ ಬಗ್ಗೆಯೂ ಯೋಚಿಸಬೇಕು. ಕಂಪನಿ ಕಾನೂನಿನ 2014ರ ನಿಯಮದಂತೆ, ನಿಗದಿತ ವಹಿವಾಟು ದಾಟಿದ ಸಕ್ಕರೆ ಕಂಪನಿಗಳಿಗೆ ಕಾಸ್ಟ್ ಆಡಿಟ್, ಅಂದರೆ ಉತ್ಪಾದನಾ ವೆಚ್ಚದ ಆಡಿಟ್, ಕಡ್ಡಾಯ. ಅದಕ್ಕೆ ಸಹಿ ಹಾಕೋರು ಸಿಎಂಎಗಳು. ತರಬೇತಿ 15 ತಿಂಗಳು. ಕಂಪನಿಯ ಅಕೌಂಟ್ಸ್ ಕೆಲಸವೇ ತರಬೇತಿಯಾಗಿ ಲೆಕ್ಕಕ್ಕೆ ಬರುವ ದಾರಿ ಅಲ್ಲಿದೆ. ಸಂಬಳ ಬಿಡಲಾಗದವರಿಗೆ ಇದು ದೊಡ್ಡ ಅನುಕೂಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇಷ್ಟೊಂದು ಕಾರ್ಖಾನೆ ಇದ್ದೂ ನಮ್ಮ ಮಕ್ಕಳು ಈ ಕಡೆ ಹೆಚ್ಚು ನೋಡದಿರೋದು ನನಗೆ ಬೇಸರದ ಸಂಗತಿ.

ಈಕೆಗೆ ಅದನ್ನೂ ಹೇಳಿದೆ. ಎರಡು ದಿನ ಯೋಚಿಸಿ ಬಂದು, "ನನಗ ಆಡಿಟ್ ಸಹೀನ ಬೇಕ್ರಿ" ಅಂದಳು. ಹಾಗಿದ್ದರೆ ಆರ್ಟಿಕಲ್‌ಶಿಪ್ಪಿನ ಮಾತು ಆಡಲೇಬೇಕು. ಅದು ಪೂರ್ಣಾವಧಿ. ಬೇರೆ ಕಡೆ ಸಂಬಳದ ಕೆಲಸ ಇಟ್ಟುಕೊಂಡು ಮಾಡುವಂತಿಲ್ಲ. ಕೈಗೆ ಬರುವ ಸ್ಟೈಪೆಂಡ್‌ನಲ್ಲಿ ಮನೆ ನಡೆಯೋದಿಲ್ಲ. ಆಕೆಯ ಸಂಬಳ 22,000. ಮನೆ ಸಾಲದ ಕಂತು 9,500 ಹೋಗೋದು ಅದರಿಂದಲೇ. 24 ತಿಂಗಳಿಗೆ 2,28,000 ರೂಪಾಯಿ. ಇಷ್ಟು ದುಡ್ಡು ಮೊದಲೇ ಬೇರೆ ಇಡದೆ ಕೆಲಸ ಬಿಡಬೇಡಿ ಅಂದೆ. ಓದು ಅರ್ಧಕ್ಕೆ ನಿಲ್ಲೋದು ಬುದ್ಧಿ ಸಾಲದೆ ಅಲ್ಲ, ಹೆಚ್ಚಾಗಿ ಇಂಥ ಕಂತು ತಪ್ಪಿದಾಗ.

ಆರ್ಟಿಕಲ್‌ಶಿಪ್‌ಗೆ ಯಾವ ಆಫೀಸು ಅನ್ನೋದನ್ನೂ ಕೇಳಿ ನೋಡಿ ಆರಿಸಬೇಕು. ನಾನು ಬೇರೆ ಊರಿನಲ್ಲಿ ಸೇರಿದ ಒಂದು ಆಫೀಸಿನಲ್ಲಿ ಮೊದಲ 8 ತಿಂಗಳು ಬ್ಯಾಂಕಿಗೆ ಚಲನ್ ಒಯ್ಯೋದು, ಜೆರಾಕ್ಸ್ ಮಾಡಿಸೋದು, ಅಷ್ಟೇ. ಒಂದು ವೋಚರ್ ಪರೀಕ್ಷಿಸಲೂ ಕೊಡಲಿಲ್ಲ. ಆ ತಿಂಗಳುಗಳು ಇವತ್ತಿಗೂ ನೆನಪಾದರೆ ನೋಯುತ್ತದೆ. ಸೇರುವ ಮೊದಲು ಕೇಳಿ: ಕಂಪನಿ ಆಡಿಟ್ ಇದೆಯಾ, ಸೊಸೈಟಿ ಆಡಿಟ್ ಇದೆಯಾ, ಕ್ಲೈಂಟ್ ಹತ್ತಿರ ನಮ್ಮನ್ನು ಕಳಿಸುತ್ತೀರಾ? ಈಗಿನ ಹುಡುಗರು ಕೇಳಲು ಸಂಕೋಚ ಪಡುತ್ತಾರೆ. ಪಡಬೇಡಿ.

ಮೂರನೇ ಸಲ ಆಕೆ ಗಂಡನನ್ನೂ ಅತ್ತೆಯನ್ನೂ ಕರೆದುಕೊಂಡು ಬಂದಳು. ಕರೆದುಕೊಂಡು ಬಾ ಅಂತ ನಾನೇ ಹೇಳಿದ್ದೆ, ಏಕೆಂದರೆ ಆ ಹಾಳೆಯ ಗಂಟೆಗಳಲ್ಲಿ ಅವರದ್ದೂ ಪಾಲಿದೆ. ಅತ್ತೆ ಹಾಳೆಯನ್ನು ಮಗನಿಂದ ಓದಿಸಿಕೊಂಡರು. "ನೀರು ಬಿಡೋ ದಿನ ನಾ ತುಂಬ್ತೀನಿ ಬಿಡವಾ, ಆ ದಿನಾನೂ ಬರಕೋ" ಅಂದರು. ಹದಿನಾಲ್ಕು ಗಂಟೆ ಆಯಿತು.

ಲೆಕ್ಕ ಹೀಗೆ ನಿಂತಿದೆ. ಡಿಸೆಂಬರ್ ಒಳಗೆ ನೋಂದಣಿ. ನಿಯಮದ ಪ್ರಕಾರ ಮುಂದಿನ ಸೆಪ್ಟೆಂಬರ್‌ಗೇ ಬರೆಯಬಹುದು, ಆದರೂ ಬರೆಯೋದು ಅದರ ಮುಂದಿನ ಜನವರಿಗೆ, ಮೊದಲ ಗುಂಪು ಮಾತ್ರ. ಎರಡನೆಯದು ಇನ್ನೊಂದು ವರ್ಷಕ್ಕೆ. ಅಲ್ಲಿಯವರೆಗೆ ಫೌಂಡ್ರಿಯ ಕೆಲಸ ಬಿಡೋದಿಲ್ಲ, ತಿಂಗಳಿಗೆ 8,000 ಬೇರೆ ಖಾತೆಗೆ. ಒಂದು ಗುಂಪಿಗೆ ಎರಡು ಸಲಕ್ಕಿಂತ ಜಾಸ್ತಿ ಹಿಡಿದರೆ ಮತ್ತೆ ಎಲ್ಲರೂ ಕೂತು ಮಾತಾಡೋದು. ಆ ಹಾಳೆಯ ಒಂದು ಜೆರಾಕ್ಸ್ ನನ್ನ ಹತ್ತಿರ ಬಿಟ್ಟು ಹೋಗಿದ್ದಾಳೆ.